ಗೆಳೆಯನಿಗೊಂದು ಪತ್ರ: ಮೆಟ್ರೋದಲ್ಲಿ ನೀನು ಕೇಳಿದ ಆ ದನಿ

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ಇಂದಿರಾನಗರದಲ್ಲಿ ಮೆಟ್ರೋ ಹತ್ತಿದೆವಲ್ಲ, ಆಗ ನೀನು ಕೇಳಿದ ಪ್ರಶ್ನೆಗೆ ಇದು ಉತ್ತರ. ಬಾಗಿಲು ಮುಚ್ಚಿತ್ತು, ರೈಲು ಹೊರಟಿತ್ತು. ಮೇಲಿನ ಸ್ಪೀಕರಿನಿಂದ "ಮುಂದಿನ ನಿಲ್ದಾಣ ಹಲಸೂರು" ಅಂತ ಬಂತು. ನೀನು ಫೋನಿನಿಂದ ತಲೆ ಎತ್ತಿ, "ಈ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲೋ, ಯಾರದು?" ಅಂದೆ. ಅಪರ್ಣಾ ಅವರದು ಅಂತ ನಾನು ಹೇಳಿದೆ. ನಿನ್ನ ಮುಖ ಅರಳಿತು. "ಚಂದನದಲ್ಲಿ ಬರ್ತಿದ್ದ ಅಪರ್ಣಾನಾ? ಈಗೆಲ್ಲಿದ್ದಾರೆ?" ಅಂತ ಕೇಳಿದೆ. ಅಷ್ಟರಲ್ಲಿ ಟ್ರಿನಿಟಿ ಬಂತು. ನೀನು ಇಳಿಯಬೇಕಿತ್ತು, ಇಳಿದೆ. ಬಾಗಿಲು ಮುಚ್ಚುವ ಹೊತ್ತಿನಲ್ಲಿ ಹೇಳಿ ಮುಗಿಸುವ ಸುದ್ದಿ ಅದಾಗಿರಲಿಲ್ಲ. ಸುಮ್ನೆ ಕೈ ಬೀಸಿದೆ.

ಅಪರ್ಣಾ ಈಗಿಲ್ಲ ಕಣೋ. 2024ರ ಜುಲೈ 11ರಂದು, ಗುರುವಾರ ರಾತ್ರಿ, ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. 57 ವರ್ಷ ಅಷ್ಟೇ. ನೀನು ಆಗ ಊರಿನಿಂದ ಎಷ್ಟೋ ದೂರದಲ್ಲಿದ್ದೆ, ಸುದ್ದಿ ನಿನ್ನ ತನಕ ಬಂದಿರಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಕಪ್ಪು ಬಿಳುಪು ಟಿವಿ ಇದ್ದದ್ದು ನಿನಗೆ ಗೊತ್ತು. ಸಂಜೆ ಅದರ ಮುಂದೆ ಮೊದಲು ಬಂದು ಕೂರುತ್ತಿದ್ದವಳು ನಮ್ಮಜ್ಜಿ. ಅಜ್ಜಿಯದು ಮಂಡ್ಯದ ಕಡೆಯ ಮಾತು. ಅವಳ ಬಾಯಲ್ಲಿ ಹಾಲು ಯಾವತ್ತೂ 'ಆಲು', ಹಾಸನ ಯಾವತ್ತೂ 'ಆಸ್ನ'. ವಾರ್ತೆ ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. "ಅದೇನ್ ಅಂತಾರೋ, ನಂಗೆ ಗೊತ್ತಾಗಾಕಿಲ್ಲ" ಅನ್ನುತ್ತಿದ್ದಳು. ಅಪರ್ಣಾ ಬಂದರೆ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. "ಈ ಮಗ ಮಾತಾಡಿದ್ರೆ ಎಲ್ಲಾ ತಿಳೀತದೆ ಕಣ್ಲಾ" ಅಂದಿದ್ದಳು ಒಂದು ಸಲ. ಆ ಮಾತು ಯಾಕೆ ನನ್ನ ತಲೆಯಲ್ಲಿ ಉಳಿಯಿತೋ ಗೊತ್ತಿಲ್ಲ. ಈಗ ಯೋಚಿಸಿದರೆ ಅಪರ್ಣಾ ಬಗ್ಗೆ ನಾನು ಕೇಳಿದ ದೊಡ್ಡ ಹೊಗಳಿಕೆ ಅದೇ. ಅಷ್ಟು ಶುದ್ಧವಾದ ಕನ್ನಡ ಆಡುತ್ತಿದ್ದರು. ಹಕಾರ, ಳಕಾರ, ಣಕಾರ, ಮಹಾಪ್ರಾಣ ಯಾವುದೂ ಜಾರುತ್ತಿರಲಿಲ್ಲ. ಆದರೂ ಓದು ಬರಹ ಬಾರದ ನಮ್ಮಜ್ಜಿಗೆ ಆ ಮಾತು ತನ್ನದೇ ಅನ್ನಿಸುತ್ತಿತ್ತು.

ನಮ್ಮಜ್ಜಿಯ ಕನ್ನಡ ತಪ್ಪು ಅಂತ ನಾನು ಯಾವತ್ತೂ ಒಪ್ಪುವುದಿಲ್ಲ. ಅದು ಅವಳ ಊರಿನ ಕನ್ನಡ. ಎಷ್ಟೋ ಜನ ಶುದ್ಧವಾಗಿ ಮಾತಾಡುತ್ತಾರೆ, ಆದರೆ ಕೇಳುವವನಿಗೆ ತನ್ನ ಮಾತಿನ ಬಗ್ಗೆ ನಾಚಿಕೆ ಹುಟ್ಟಿಸುತ್ತಾರೆ. ಅಪರ್ಣಾ ಹಾಗೆ ಮಾಡಲಿಲ್ಲ. ನನಗೆ ಅವರು ಇಷ್ಟವಾದದ್ದು ಅಲ್ಲೇ.

ಅವರು ಶುರು ಮಾಡಿದ್ದು ಸಿನಿಮಾದಿಂದ ಅನ್ನುವುದು ತುಂಬಾ ಜನಕ್ಕೆ ಮರೆತೇ ಹೋಗಿದೆ. ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ 'ಮಸಣದ ಹೂವು'. ಅದರಲ್ಲಿ ಅಂಬರೀಶ್ ಮತ್ತು ಜಯಂತಿ ಜೊತೆ ಅಪರ್ಣಾ. ಆಗ ಅವರಿಗೆ 18ರ ಆಸುಪಾಸು. ವೇಶ್ಯಾವಾಟಿಕೆಯ ಸುತ್ತ ಹೆಣೆದ ಭಾರವಾದ ಕಥೆ ಅದು, ಹೊಸ ಹುಡುಗಿಗೆ ಸುಲಭದ ಕೆಲಸ ಆಗಿರಲಿಕ್ಕೆ ಸಾಧ್ಯವೇ ಇಲ್ಲ. ಚಿತ್ರ ಮುಗಿಯುವ ಮೊದಲೇ, 1985ರಲ್ಲಿ, ಪುಟ್ಟಣ್ಣ ತೀರಿಕೊಂಡರು. ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು. ಆಮೇಲೆ 'ಇನ್‌ಸ್ಪೆಕ್ಟರ್ ವಿಕ್ರಮ್' ಸೇರಿದಂತೆ ಕೆಲವು ಚಿತ್ರಗಳಲ್ಲಿ ಕಾಣಿಸಿಕೊಂಡರು. ಆದರೆ ಸಿನಿಮಾ ಅವರನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ ಅಂತಲೇ ನನ್ನ ಅನಿಸಿಕೆ.

ಅವರನ್ನು ಕೈ ಹಿಡಿದದ್ದು ಮೈಕು. 1993ರಲ್ಲಿ ಆಕಾಶವಾಣಿ ಸೇರಿದರು. ಎಫ್‌ಎಂ ರೇನ್‌ಬೋ ಬಂದಾಗ ಅದರ ಮೊದಲ ನಿರೂಪಕಿ ಅವರೇ. ಜೊತೆಜೊತೆಗೆ ದೂರದರ್ಶನ. 90ರ ದಶಕದಿಂದ 2010ರ ತನಕ ಚಂದನ ಅಂದರೆ ಅಪರ್ಣಾ, ಅಪರ್ಣಾ ಅಂದರೆ ಚಂದನ ಅನ್ನುವ ಹಾಗಿತ್ತು. ಇದರ ನಡುವೆ ಸರ್ಕಾರದ ಸಮಾರಂಭಗಳು, ಪ್ರಶಸ್ತಿ ಪ್ರದಾನ, ಸಂಗೀತ ಕಾರ್ಯಕ್ರಮ. ವೇದಿಕೆಯ ಒಂದು ಬದಿಯಲ್ಲಿ, ದೊಡ್ಡ ಬಿಂದಿ ಇಟ್ಟುಕೊಂಡು, ಸೀರೆಯುಟ್ಟು ಅವರು ನಿಂತಿದ್ದರೆ ಕಾರ್ಯಕ್ರಮಕ್ಕೆ ಒಂದು ಕಳೆ ಬರುತ್ತಿತ್ತು.

1998ರ ದೀಪಾವಳಿಯ ಕಾರ್ಯಕ್ರಮವೊಂದನ್ನು ಅವರು ಸತತ 8 ಗಂಟೆ ನಿರೂಪಿಸಿದ್ದರು. ಈ ವಿಷಯವನ್ನು ಮೊದಲ ಸಲ ಓದಿದಾಗ ನಾನು ಒಂದು ದಾಖಲೆ ಅಂತ ಓದಿ ಮುಂದೆ ಹೋಗಿದ್ದೆ. ಅದರ ಭಾರ ಗೊತ್ತಾದದ್ದು ನಾನೇ ಮೈಕ್ ಹಿಡಿದ ದಿನ.

ನಮ್ಮ ಆಫೀಸಿನಲ್ಲಿ ರಾಜ್ಯೋತ್ಸವ. ಕನ್ನಡ ಚೆನ್ನಾಗಿ ಬರುತ್ತೆ ಅಂತ ನಿರೂಪಣೆ ನನಗೆ ಕೊಟ್ಟರು. ಒಟ್ಟು 2 ಗಂಟೆಯ ಕಾರ್ಯಕ್ರಮ. ಅತಿಥಿ ಬರುವುದು 25 ನಿಮಿಷ ತಡವಾಯಿತು. ನನ್ನ ಕೈಯಲ್ಲಿ ಬರೆದುಕೊಂಡಿದ್ದ ಚೀಟಿ ಐದೇ ನಿಮಿಷದಲ್ಲಿ ಖಾಲಿ. ಜನ ನನ್ನನ್ನೇ ನೋಡುತ್ತಿದ್ದಾರೆ, ನನ್ನ ಹತ್ತಿರ ಹೇಳಲಿಕ್ಕೆ ಏನೂ ಇಲ್ಲ. ಗಂಟಲು ಒಣಗಿತು. ಕೊನೆಗೆ ಅತಿಥಿ ಬಂದರು, ನಾನು ಗಾಬರಿಯಲ್ಲಿ ಅವರ ಹೆಸರನ್ನೇ ತಪ್ಪಾಗಿ ಹೇಳಿಬಿಟ್ಟೆ. ಅವರು ನಕ್ಕು ಸುಮ್ಮನಾದರು. ಆದರೆ ಆ ಕ್ಷಣದಲ್ಲಿ ಅವರ ಮುಖದ ಮೇಲೆ ಹಾದುಹೋದ ಬೇಸರ ನನಗೆ ಕಂಡಿತು. ವಯಸ್ಸಾದವರು, ಎಷ್ಟೋ ದೂರದಿಂದ ಬಂದಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಾನು ಅಪರ್ಣಾ ಅವರ ಹಳೆಯ ವಿಡಿಯೋಗಳನ್ನು ಹುಡುಕಿ ಹುಡುಕಿ ನೋಡಿದೆ. ಹೆಡ್‌ಫೋನ್ ಹಾಕಿಕೊಂಡು, ಅದೇ ಅರ್ಧ ನಿಮಿಷವನ್ನು ಹತ್ತು ಸಲ. ಆಗ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಅಲ್ವಾ? ಅತಿಥಿಯ ಬಿರುದು, ಹುದ್ದೆ, ಊರು, ಹೆಸರು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನಮ್ಮಂಥವರ ಉಸಿರು ತೀರಿರುತ್ತದೆ. "ಸ್ವಾಗತ ಕೋರುತ್ತೇನೆ" ಅನ್ನುವುದರಲ್ಲಿ 'ಸ್ವಾಗತ' ಕೇಳಿಸುತ್ತದೆ, 'ಕೋರುತ್ತೇನೆ' ಗಂಟಲಲ್ಲೇ ಉಳಿದುಬಿಡುತ್ತದೆ. ಅಪರ್ಣಾ ಅವರ ವಾಕ್ಯದ ಕೊನೆಯ ಅಕ್ಷರ ಮೊದಲ ಅಕ್ಷರದಷ್ಟೇ ಗಟ್ಟಿ. ಎಲ್ಲಿ ಉಸಿರು ತೆಗೆದುಕೊಂಡರು ಅಂತ ಹುಡುಕಿದರೂ ಸಿಗುವುದಿಲ್ಲ. ಇನ್ನೊಂದು, ಹೆಸರು ಹೇಳುವ ಮೊದಲು ಒಂದು ಚಿಕ್ಕ ನಿಲುಗಡೆ. ಕಣ್ಣು ರೆಪ್ಪೆ ಮುಚ್ಚಿ ತೆಗೆಯುವಷ್ಟು. ಆಮೇಲೆ ಹೆಸರು, ಪೂರ್ತಿಯಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ಆ ಹೆಸರಿನವರು ಯಾರೇ ಆಗಿರಲಿ, ಅಷ್ಟು ಹೊತ್ತು ಅವರೇ ಆ ಸಭೆಯ ದೊಡ್ಡವರು.

ಅದನ್ನು 8 ಗಂಟೆ ಮಾಡುವುದು ಅಂದರೇನು ಅಂತ ಯೋಚಿಸು. ಕಾಲು ನೋಯುತ್ತದೆ, ಗಂಟಲು ಕಟ್ಟುತ್ತದೆ, ಬೆಳಕಿನ ಬಿಸಿ ಮುಖಕ್ಕೆ ಹೊಡೆಯುತ್ತಿರುತ್ತದೆ. ಹಾಡುವವರು ಹಾಡಿ ಇಳಿದು ಹೋಗುತ್ತಾರೆ, ಕುಣಿಯುವವರು ಕುಣಿದು ಹೋಗುತ್ತಾರೆ. ನಿರೂಪಕಿ ಮಾತ್ರ ಅಲ್ಲೇ. "ಒಳ್ಳೆ ದನಿ, ದೇವರ ವರ" ಅಂತ ಜನ ಹೇಳುವಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ದನಿ ವರ ಇರಬಹುದು. ಏಳನೇ ಗಂಟೆಯಲ್ಲೂ 'ಕೋರುತ್ತೇನೆ' ಗಟ್ಟಿಯಾಗಿ ಬರುವುದು ದುಡಿಮೆ.

ಧಾರಾವಾಹಿಗಳಲ್ಲೂ ಇದ್ದರು. 'ಮೂಡಲ ಮನೆ', 'ಮುಕ್ತ' ನಮ್ಮಮ್ಮ ತಪ್ಪದೆ ನೋಡುತ್ತಿದ್ದಳು. 2013ರಲ್ಲಿ ಬಿಗ್ ಬಾಸ್ ಕನ್ನಡದ ಮೊದಲ ಸೀಸನ್ನಿಗೆ ಹೋದಾಗ ನನಗೆ ಇಷ್ಟವಾಗಲಿಲ್ಲ, ಯಾಕೆ ಬೇಕಿತ್ತು ಅನ್ನಿಸಿತ್ತು. ಆದರೆ 2015ರಲ್ಲಿ 'ಮಜಾ ಟಾಕೀಸ್' ಶುರುವಾಗಿ, ಅದರಲ್ಲಿ ಅವರು ವರಲಕ್ಷ್ಮಿಯಾಗಿ ಬಂದರಲ್ಲ, ಆವತ್ತು ನಾನು ಬಾಯಿ ತೆರೆದು ಕೂತುಬಿಟ್ಟೆ. ಇಪ್ಪತ್ತು ವರ್ಷ ಗಂಭೀರವಾಗಿ ನಿಂತು ಎಲ್ಲರನ್ನೂ ಸ್ವಾಗತಿಸಿದ ಹೆಂಗಸು, ಬಿಂಕ ಬಿನ್ನಾಣ ಮಾಡುತ್ತಾ, ತನ್ನ ಆ ಮಾತಿನ ಶಿಸ್ತನ್ನೇ ಬೇಕೆಂತಲೇ ಅಂಕುಡೊಂಕು ಮಾಡಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದಾರೆ! ಯಾವ ಅಕ್ಷರ ಎಲ್ಲಿ ನಿಲ್ಲಬೇಕು ಅಂತ ಚೆನ್ನಾಗಿ ಗೊತ್ತಿದ್ದವರಿಗೆ ಮಾತ್ರ ಅದನ್ನು ಹಾಗೆ ಸೊಟ್ಟ ಮಾಡಲು ಸಾಧ್ಯ. ಹೊಸ ಕಾಲದ ಮಕ್ಕಳಿಗೆ ಅವರು ಗೊತ್ತಾದದ್ದು ವರಲಕ್ಷ್ಮಿಯಾಗಿಯೇ. ನಮ್ಮ ಅಣ್ಣನ ಮಗಳು ಇವತ್ತಿಗೂ ಅಪರ್ಣಾ ಅಂದರೆ ಯಾರು ಅನ್ನುತ್ತಾಳೆ, ವರಲಕ್ಷ್ಮಿ ಅಂದರೆ ನಗುತ್ತಾಳೆ.

ಇನ್ನು ಮೆಟ್ರೋ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆ ತನಕ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ಬರೀ ಆರು ನಿಲ್ದಾಣ. ಆಮೇಲೆ ನೇರಳೆ ಮಾರ್ಗ ಬೆಳೆಯಿತು, ಹಸಿರು ಮಾರ್ಗ ಬಂತು, ಕನ್ನಡದ ಪ್ರಕಟಣೆಯಲ್ಲಿ ಅವರ ದನಿಯೂ ಜೊತೆಗೆ ಬೆಳೆಯಿತು. ಪ್ರಕಟಣೆ ಅಂದರೆ ಹೆಚ್ಚೇನಿಲ್ಲ, ನಿಲ್ದಾಣದ ಹೆಸರು, ಬಾಗಿಲು ಯಾವ ಕಡೆ ತೆರೆಯುತ್ತದೆ, ಅಷ್ಟೇ. ಮುಖ ಇಲ್ಲ, ಕೈ ಇಲ್ಲ, ನಗು ಇಲ್ಲ. ಹೆಸರಿನಲ್ಲಿ ಭಾವನೆ ತುಂಬಲೂ ಆಗದು. ಮೈಕಿನ ಮುಂದೆ ಕೂತವರ ಹತ್ತಿರ ಉಳಿಯುವುದು ಅಕ್ಷರ ಮಾತ್ರ.

ಆ 'ಹಲಸೂರು' ತೆಗೆದುಕೋ. ಇಂಗ್ಲಿಷಿನವರ ಕಾಲದಿಂದ ಅದು 'ಅಲ್ಸೂರ್' ಆಗಿಹೋಗಿತ್ತು. ನಾವೂ ಹಾಗೇ ಹೇಳುತ್ತಿದ್ದೆವು, ನೆನಪಿದೆಯಾ, ಕಾಲೇಜಿನಲ್ಲಿ? ಅಪರ್ಣಾ ದಿನಕ್ಕೆ ನೂರಾರು ಸಲ ಅದನ್ನು ಹಲಸೂರು ಅಂತಲೇ ಕರೆಯುತ್ತಾರೆ. ಹಲಸಿನ 'ಹ', ಅದರ ಹಿಂದೆಯೇ ಮೆತ್ತಗೆ 'ಲ'. ನನ್ನ ಪಕ್ಕದ ಸೀಟಿನಲ್ಲಿ ಕೂರುವ ಉತ್ತರದ ಕಡೆಯ ಹುಡುಗರು ಈಗ ಸರಿಯಾಗಿ ಹಲಸೂರು ಅನ್ನುತ್ತಾರೆ. ಕೆಲವರು ಅಪರ್ಣಾ ದನಿಯ ಜೊತೆಜೊತೆಗೇ "ಮುಂದಿನ ನಿಲ್ದಾಣ" ಅಂತ ಪಿಸುಗುಟ್ಟುವುದನ್ನೂ ಕೇಳಿದ್ದೇನೆ. ಅವರಿಗೆ ಗೊತ್ತಿರುವ ಮೊದಲ ಕನ್ನಡ ಅದೇ ಇರಬೇಕು. ನಮ್ಮಜ್ಜಿಗೆ ಆದ ಹಾಗೆಯೇ ಈ ಹುಡುಗರಿಗೂ ಆಗಿದೆ. ಕೇಳಿದರು, ತಿಳಿಯಿತು.

ಕಾಯಿಲೆಯ ವಿಷಯ ಹೊರಗೆ ಯಾರಿಗೂ ಗೊತ್ತೇ ಇರಲಿಲ್ಲ. ಅವರು ಹೋದ ಮೇಲೆ ಅವರ ಗಂಡ, ಲೇಖಕ ಮತ್ತು ವಾಸ್ತುಶಿಲ್ಪಿ ನಾಗರಾಜ ವಸ್ತಾರೆ, ಹೇಳಿದರು. ಎರಡು ವರ್ಷದ ಹಿಂದೆ ಗೊತ್ತಾಗಿತ್ತಂತೆ, ಆಗಲೇ ನಾಲ್ಕನೇ ಹಂತ. ವೈದ್ಯರು ಕೊಟ್ಟಿದ್ದ ಗಡುವು ಆರು ತಿಂಗಳು. ಅವರು ಎರಡು ವರ್ಷ ಬದುಕಿದರು. ಶ್ವಾಸಕೋಶ ಕಣೋ. ಉಸಿರನ್ನೇ ನಂಬಿ ಬದುಕಿದವರಿಗೆ ಅಲ್ಲೇ ಬಂದು ಕೂತಿತು ಅನ್ನುವುದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಇದಕ್ಕಿಂತ ಜಾಸ್ತಿ ಇದರ ಬಗ್ಗೆ ಬರೆಯಲಾರೆ.

ಮಾರನೇ ದಿನ ಶುಕ್ರವಾರ. ಬೆಳಗ್ಗೆ ಎಂದಿನಂತೆ ಇಂದಿರಾನಗರದಲ್ಲಿ ಹತ್ತಿದೆ. ಜನ ತುಂಬಿತ್ತು, ಬಾಗಿಲ ಪಕ್ಕದ ಕಂಬ ಹಿಡಿದು ನಿಂತೆ. ರಾತ್ರಿಯೇ ಸುದ್ದಿ ಓದಿದ್ದೆ. ಆದರೂ ರೈಲು ಹೊರಟಾಗ ದನಿ ಬರುತ್ತದೆ ಅನ್ನುವುದು ತಲೆಗೆ ಹೊಳೆದಿರಲಿಲ್ಲ. ಬಂತು. "ಮುಂದಿನ ನಿಲ್ದಾಣ ಹಲಸೂರು." ಅದೇ ನಿಲುಗಡೆ, ಅದೇ 'ಹ'. ನನ್ನ ಎದುರಿಗೆ ಬಿಳಿ ಅಂಗಿಯ ಹಿರಿಯರೊಬ್ಬರು ಪೇಪರ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮಡಿಕೆಯ ಮೇಲ್ಭಾಗದಲ್ಲಿ ಅಪರ್ಣಾ ಫೋಟೋ ಕಾಣುತ್ತಿತ್ತು. ಅವರು ತಲೆ ಎತ್ತಿ ಸ್ಪೀಕರ್ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇಬ್ಬರೂ ಏನೂ ಮಾತಾಡಲಿಲ್ಲ. ಟ್ರಿನಿಟಿ, ಎಂ.ಜಿ. ರಸ್ತೆ, ಆಮೇಲೆ ರೈಲು ನೆಲದ ಕೆಳಗೆ ಇಳಿಯಿತು. ಕಿಟಕಿ ಕಪ್ಪಾಯಿತು. ಕಬ್ಬನ್ ಪಾರ್ಕ್, ವಿಧಾನಸೌಧ. ಒಂದೊಂದು ಹೆಸರು ಬಂದಾಗಲೂ ಅವರು ಪೇಪರಿನ ಆ ಫೋಟೋ ಮೇಲೆ ಬೆರಳಾಡಿಸುತ್ತಿದ್ದರು. ಮೆಜೆಸ್ಟಿಕ್‌ನಲ್ಲಿ ನಾನು ಇಳಿಯಬೇಕಿತ್ತು. ಇಳಿಯಲಿಲ್ಲ. ಮಾಗಡಿ ರಸ್ತೆ ತನಕ ಹೋಗಿ ವಾಪಸ್ ಬಂದೆ. ಆಫೀಸಿಗೆ ತಡವಾಯಿತು, ಆಗಲಿ ಬಿಡು.

ಗೆಳೆಯಾ, ಮುಂದಿನ ತಿಂಗಳು ಮತ್ತೆ ಬರುತ್ತೇನೆ ಅಂದಿದ್ದೀಯಲ್ಲ. ಆಟೋ ಕ್ಯಾಬ್ ಏನೂ ಬೇಡ. ಬೈಯಪ್ಪನಹಳ್ಳಿಯಲ್ಲಿ ಹತ್ತೋಣ, ಮೆಜೆಸ್ಟಿಕ್ ತನಕ ಹೋಗೋಣ. ಫೋನ್ ಜೇಬಿನಲ್ಲಿಡು. "ನಾಡಪ್ರಭು ಕೆಂಪೇಗೌಡ ನಿಲ್ದಾಣ" ಅನ್ನುವಾಗ ಆ ಕೊನೆಯ 'ಣ' ಹೇಗೆ ಬಂದು ನಿಲ್ಲುತ್ತದೆ ಅಂತ ನೀನೇ ಕೇಳು.

ನಿನ್ನ ದಾರಿ ಕಾಯುವ,
ನಿನ್ನ ಗೆಳೆಯ