ಹ್ಯಾರಿಯೆಟ್ ಟಬ್‌ಮನ್: 300 ಅಲ್ಲ, 70

ಮಾನ್ಯ ಸಂಪಾದಕರೇ,

19ನೆಯ ಶತಮಾನದ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋಗಿ, ಮತ್ತೆ ಅದೇ ನೆಲಕ್ಕೆ ಬಂದು ಇತರರನ್ನೂ ಬಿಡಿಸಿಕೊಂಡು ಹೋದ ಹ್ಯಾರಿಯೆಟ್ ಟಬ್‌ಮನ್ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆವು. ಬರೆದವರ ಕಳಕಳಿ ಮೆಚ್ಚುವಂಥದ್ದು. ಆದರೆ ಅದರಲ್ಲಿನ ಅಂಕಿಗಳು (19 ಪಯಣ, 300 ಜನರ ಬಿಡುಗಡೆ, ಟಬ್‌ಮನ್ ತಲೆಗೆ 40,000 ಡಾಲರ್ ಬಹುಮಾನ) ಮತ್ತು ಕೊನೆಯಲ್ಲಿ ಟಬ್‌ಮನ್ ಬಾಯಲ್ಲಿ ಆಡಿಸಿರುವ ಒಂದು ಮಾತು ಸರಿಯಲ್ಲ. ಎಲ್ಲ ಕಡೆ ಹರಿದಾಡುತ್ತಿರುವ ತಪ್ಪುಗಳಿವು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಟಬ್‌ಮನ್ 19 ಸಲ ಹೋಗಿ 300 ಜನರನ್ನು ಕರೆತಂದರು ಎಂಬ ಲೆಕ್ಕ ಹುಟ್ಟಿದ್ದು ಸಾರಾ ಬ್ರಾಡ್‌ಫರ್ಡ್ ಎಂಬ ಲೇಖಕಿ 1868ರಲ್ಲಿ ಅವಸರದಲ್ಲಿ ಬರೆದ ಜೀವನಚರಿತ್ರೆಯಲ್ಲಿ. ಅದಕ್ಕೂ ಮೊದಲು, 1850ರ ದಶಕದ ಕೊನೆಯಲ್ಲಿ, ಸ್ವತಃ ಟಬ್‌ಮನ್ ಸಭೆಗಳಲ್ಲಿ ಹೇಳಿದ್ದು ಎಂಟೊಂಬತ್ತು ಸಲ ಹೋಗಿ 50-60 ಜನರನ್ನು ತಂದೆ ಎಂದು. ಇತಿಹಾಸಕಾರರು ಪತ್ರ, ಜಾಹೀರಾತು, ನ್ಯಾಯಾಲಯದ ದಾಖಲೆ ಎಲ್ಲವನ್ನೂ ತಾಳೆ ನೋಡಿದಾಗ ಸಿಗುವುದು ಸುಮಾರು 13 ಪಯಣ, ಸುಮಾರು 70 ಜನ. ಇದಲ್ಲದೆ ಇನ್ನೂ ಹಲವರಿಗೆ ದಾರಿ ಹೇಳಿಕೊಟ್ಟು ಕಳಿಸಿದ್ದಾರೆ. ಇನ್ನು 40,000 ಡಾಲರ್ ಬಹುಮಾನದ ಮಾತು ಅಮೆರಿಕದ ಅಂತರ್ಯುದ್ಧ (1861-65) ಮುಗಿದ ಮೇಲೆ ಹಿತೈಷಿಯೊಬ್ಬರು ಬರೆದದ್ದು. ನಿಜವಾಗಿ ಸಿಕ್ಕಿರುವ ಜಾಹೀರಾತು 1849ರ ಅಕ್ಟೋಬರ್ 3ರದು. ಒಡತಿ ಎಲೈಜಾ ಬ್ರೋಡೆಸ್ ಕೊಟ್ಟದ್ದು. 'ಮಿಂಟಿ, ವಯಸ್ಸು ಸುಮಾರು 27' ಎಂದು ಟಬ್‌ಮನ್‌ರ ಬಾಲ್ಯದ ಹೆಸರು, ಜೊತೆಗೆ ಇಬ್ಬರು ತಮ್ಮಂದಿರದು. ಮೇರಿಲ್ಯಾಂಡ್ ರಾಜ್ಯದ ಹೊರಗೆ ಹಿಡಿದರೆ ತಲೆಗೆ 100 ಡಾಲರ್, ಒಳಗೇ ಸಿಕ್ಕರೆ 50.

ಅಂಕಿ ಚಿಕ್ಕದಾದರೆ ಸಾಧನೆ ಚಿಕ್ಕದಾಗುತ್ತದೆ ಎಂದು ಯಾರೂ ಅಳುಕಬೇಕಿಲ್ಲ. ಒಂದೊಂದು ಪಯಣಕ್ಕೂ ಏನೇನು ಬೇಕಿತ್ತು ಎಂದು ನೋಡಿ. ಮೊದಲು ದುಡ್ಡು. ಟಬ್‌ಮನ್ ಫಿಲಡೆಲ್ಫಿಯಾದಲ್ಲಿ, ನ್ಯೂಜೆರ್ಸಿಯ ಕೇಪ್ ಮೇ ಎಂಬ ಸಮುದ್ರತೀರದ ಊರಿನಲ್ಲಿ ಅಡುಗೆ, ಮನೆಗೆಲಸ ಮಾಡಿ ಕಾಸು ಕೂಡಿಸುತ್ತಿದ್ದರು. ಕೂಡಿಸಿದ್ದು ಒಂದೆರಡು ಪಯಣಕ್ಕೆ ಖರ್ಚಾಗಿಹೋಗುತ್ತಿತ್ತು. ಹೆಚ್ಚಾಗಿ ಹೊರಡುತ್ತಿದ್ದದ್ದು ಚಳಿಗಾಲದ ಹೊಸ್ತಿಲಲ್ಲಿ, ಏಕೆಂದರೆ ಆಗ ರಾತ್ರಿ ದೀರ್ಘ, ಜನ ಮನೆಯೊಳಗೆ. ಓಡುವುದು ಶನಿವಾರ ರಾತ್ರಿ. ಭಾನುವಾರ ಪತ್ರಿಕೆ ಅಚ್ಚಾಗದು, ಜಾಹೀರಾತು ಸೋಮವಾರಕ್ಕೆ ಮುಂಚೆ ಹೊರಬೀಳದು. ಅಷ್ಟು ಹೊತ್ತಿಗೆ ಎರಡು ರಾತ್ರಿಯ ದಾರಿ ಸವೆದಿರುತ್ತಿತ್ತು. ಟಬ್‌ಮನ್ ತೋಟಗಳ ಹತ್ತಿರ ಸುಳಿಯುತ್ತಿರಲಿಲ್ಲ. ಹಲವು ಮೈಲಿ ಆಚೆ ಒಂದು ಜಾಗ ಗೊತ್ತು ಮಾಡಿ, ನಂಬಿಕಸ್ಥರ ಮೂಲಕ ಸುದ್ದಿ ಮುಟ್ಟಿಸುತ್ತಿದ್ದರು. ಕೂಸುಗಳಿದ್ದರೆ ಅಳದಂತೆ ಅಫೀಮು ಬೆರೆತ ಔಷಧಿಯ ಹನಿ ಕುಡಿಸಿ ಮಲಗಿಸಬೇಕಾಗುತ್ತಿತ್ತು. ಸೊಂಟದಲ್ಲಿ ಪಿಸ್ತೂಲು. ನಾಯಿ ಬಿಟ್ಟು ಹುಡುಕುವವರಿಗಷ್ಟೇ ಅಲ್ಲ, ಕಾಲು ಬಾತು, ಹಸಿದು, ಎದೆಗುಂದಿ 'ವಾಪಸ್ ಹೋಗುತ್ತೇನೆ' ಎನ್ನುವ ಸಂಗಾತಿಗೂ ಅದನ್ನು ತೋರಿಸಿದ್ದುಂಟು. ಕ್ರೂರವೆನಿಸಬಹುದು. ಆದರೆ ಹಿಂದಿರುಗಿದ ಒಬ್ಬನಿಗೆ ಚಾಟಿಯೇಟು ಬಿದ್ದರೆ ಬಚ್ಚಿಟ್ಟುಕೊಂಡ ಮನೆ, ಅನ್ನ ಹಾಕಿದ ಕೈ ಎಲ್ಲವೂ ಬಯಲು. 1849ರಲ್ಲಿ ತಮ್ಮಂದಿರೇ ಅರ್ಧ ದಾರಿಯಿಂದ ಹಿಂದಿರುಗಿದ್ದನ್ನು ಕಂಡಿದ್ದವರು ಟಬ್‌ಮನ್.

ಇದೆಲ್ಲದರ ನಡುವೆ ಅವರ ದೇಹದ ಸ್ಥಿತಿಯನ್ನೂ ನೆನೆಯಬೇಕು. ಹದಿಹರೆಯದಲ್ಲಿ ಅಂಗಡಿಯೊಂದರಲ್ಲಿ ಮೇಸ್ತ್ರಿ ಇನ್ನೊಬ್ಬ ಗುಲಾಮನತ್ತ ಎಸೆದ ಎರಡು ಪೌಂಡಿನ ತೂಕದ ಬಟ್ಟು ಇವರ ತಲೆಗೆ ಬಡಿದಿತ್ತು. ಆಮೇಲೆ ಬದುಕಿಡೀ ಎಲ್ಲೆಂದರಲ್ಲಿ ಮಂಪರು ಕವಿಯುತ್ತಿತ್ತು, ಮಾತಿನ ನಡುವೆಯೇ.

1854ರ ಕ್ರಿಸ್‌ಮಸ್ ಪಯಣವೊಂದನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ರೀತಿ ಅರ್ಥವಾಗುತ್ತದೆ. ಸಹೋದರರನ್ನು ಹಬ್ಬದ ಮರುದಿನ ಹರಾಜು ಹಾಕುವುದಿತ್ತು. ಟಬ್‌ಮನ್‌ಗೆ ಓದುಬರಹ ಬಾರದು. ಇನ್ನೊಬ್ಬರ ಕೈಲಿ ಪತ್ರ ಬರೆಸಿ ಜೇಕಬ್ ಜಾಕ್ಸನ್ ಎಂಬ ಅಕ್ಷರಸ್ಥ ಸ್ವತಂತ್ರ ಕರಿಯನಿಗೆ ಕಳಿಸಿದರು. ಕರಿಯರಿಗೆ ಬರುವ ಪತ್ರವನ್ನು ಅಂಚೆಯಲ್ಲೇ ಬಿಡಿಸಿ ಓದುತ್ತಿದ್ದ ಕಾಲ. ಅದಕ್ಕೇ ಒಳಗಿದ್ದದ್ದು ಬರೀ ಭಕ್ತಿಯ ಮಾತು: ಸಹೋದರರು ಸದಾ ಪ್ರಾರ್ಥನೆಯಲ್ಲಿ ಎಚ್ಚರವಾಗಿರಲಿ, ಝಿಯಾನಿನ (ಬೈಬಲ್ಲಿನ ಪವಿತ್ರ ನಗರದ) ಹಡಗು ಬಂದಾಗ ಹತ್ತಲು ಸಿದ್ಧರಿರಲಿ. ಓದಿದವರಿಗೆ ತಲೆಬುಡ ತಿಳಿಯಲಿಲ್ಲ. ಜಾಕ್ಸನ್‌ಗೆ ತಿಳಿಯಿತು, ಆದರೂ ನನಗೂ ಅರ್ಥವಾಗದು ಎಂದುಬಿಟ್ಟ.

ಸಹೋದರರು ಬಂದು ಅಡಗಿದ್ದು ತಂದೆ ತಾಯಿಯ ಗುಡಿಸಲಿನ ಪಕ್ಕದ ಮೇವಿನ ಕೊಟ್ಟಿಗೆಯಲ್ಲಿ. ತಾಯಿ ರಿಟ್ ಹಬ್ಬದ ಅಡುಗೆ ಮಾಡಿ ಮಕ್ಕಳ ದಾರಿ ಕಾಯುತ್ತಿದ್ದಳು. ಆಕೆಗೆ ಹೇಳುವಂತಿರಲಿಲ್ಲ, ಹೇಳಿದರೆ ಅಳು ತಡೆಯಲಾರಳು. ಮಕ್ಕಳು ಗೋಡೆಯ ಸಂದಿಯಿಂದ ಅವಳನ್ನು ನೋಡಿದರು, ಅಷ್ಟೇ. ತಂದೆ ಬೆನ್ ರಾಸ್ ಊಟ ತಂದುಕೊಟ್ಟ, ಆದರೆ ಮಕ್ಕಳ ಮುಖ ನೋಡಲಿಲ್ಲ. ಬೀಳ್ಕೊಡುವಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅವರ ಜೊತೆ ಸ್ವಲ್ಪ ದೂರ ನಡೆದ. ಮರುದಿನ ಕೇಳಲು ಬಂದವರಿಗೆ 'ನಾನು ನನ್ನ ಮಕ್ಕಳನ್ನು ನೋಡಿಲ್ಲ' ಎಂದ. ಡಿಸೆಂಬರ್ 29ಕ್ಕೆ ಗುಂಪು ಫಿಲಡೆಲ್ಫಿಯಾದಲ್ಲಿ ಗುಲಾಮಗಿರಿ ವಿರೋಧಿ ಸಂಘದ ವಿಲಿಯಂ ಸ್ಟಿಲ್ ಅವರ ಕಚೇರಿ ಮುಟ್ಟಿತ್ತು. ಸ್ಟಿಲ್ ಬಂದವರೆಲ್ಲರ ಹೆಸರು, ಊರು ಬರೆದಿಟ್ಟುಕೊಳ್ಳುತ್ತಿದ್ದರು. ಇಂದು ನಮಗೆ ಲೆಕ್ಕ ಸಿಗುವುದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಗುಲಾಮರನ್ನು ಹೀಗೆ ಪಾರುಮಾಡುವ ಜಾಲಕ್ಕಿದ್ದ ಹೆಸರು 'ಭೂಗತ ರೈಲು'. ಅದು ಸುರಂಗವಲ್ಲ, ಇಂಥ ಜನರ ಸರಪಳಿ. ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿದ್ದ ಕಬ್ಬಿಣದ ವ್ಯಾಪಾರಿ ಥಾಮಸ್ ಗ್ಯಾರೆಟ್ ಅದರ ಒಂದು ಗಟ್ಟಿ ಕೊಂಡಿ. 1856ರಲ್ಲಿ ಟಬ್‌ಮನ್ ಜೊತೆ ಓಡಿಬಂದಿದ್ದ ಜೋ ಬೇಯ್ಲಿ ಎಂಬಾತನ ತಲೆಗೆ 1,500 ಡಾಲರ್ ಘೋಷಿಸಿದ್ದರು, ವಿಲ್ಮಿಂಗ್ಟನ್‌ಗೆ ಹೋಗುವ ಸೇತುವೆಗೆ ಕಾವಲು ಬಿದ್ದಿತ್ತು. ಗ್ಯಾರೆಟ್ ಗಾರೆ ಕೆಲಸದವರನ್ನು ಬಂಡಿ ತುಂಬಾ ಕೂರಿಸಿ, ಹಾಡುತ್ತಾ ಕೂಗುತ್ತಾ ಸೇತುವೆ ದಾಟಿಸಿದರು. ಕತ್ತಲಾದ ಮೇಲೆ ಅದೇ ಬಂಡಿ ಅದೇ ಗದ್ದಲದೊಡನೆ ಮರಳಿತು, ಬಂಡಿಯ ತಳದಲ್ಲಿ ಓಡಿಬಂದವರು ಮಲಗಿದ್ದರು. ಕಾವಲಿನವರು ತಡೆಯಲಿಲ್ಲ. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯ್ದೆಯ ಪ್ರಕಾರ ಹೀಗೆ ನೆರವಾದವರಿಗೆ 1,000 ಡಾಲರ್ ದಂಡ, ಆರು ತಿಂಗಳ ಸೆರೆ. ಅದೇ ಕಾಯ್ದೆಯಡಿ, ಹಿಡಿದು ತಂದವರನ್ನು ಗುಲಾಮರೆಂದು ತೀರ್ಮಾನಿಸಿದರೆ ಅಧಿಕಾರಿಗೆ 10 ಡಾಲರ್ ಶುಲ್ಕ, ಬಿಟ್ಟುಕಳಿಸಿದರೆ 5. ಆ ಕಾಯ್ದೆ ಬಂದ ಮೇಲೆ ಫಿಲಡೆಲ್ಫಿಯಾ ಕೂಡ ಸುರಕ್ಷಿತವಾಗಿ ಉಳಿಯಲಿಲ್ಲ. ಟಬ್‌ಮನ್ ಜನರನ್ನು ಕೆನಡಾದ ಸೇಂಟ್ ಕ್ಯಾಥರೀನ್ಸ್‌ವರೆಗೂ ಒಯ್ಯಬೇಕಾಯಿತು.

ದೊಡ್ಡ ಅಂಕಿಯೇ ಬೇಕೆಂದರೆ ಅದು 1863ರದು, ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಅಂತರ್ಯುದ್ಧದ ನಡುವೆ, ಜೂನ್ 1ರ ರಾತ್ರಿ, ಉತ್ತರದ ಸೇನೆಯ ಕರ್ನಲ್ ಮಾಂಟ್‌ಗೊಮೆರಿಯ ಕರಿಯ ಸೈನಿಕರ ಪಡೆ ದಕ್ಷಿಣ ಕೆರೊಲಿನಾದ ಕಂಬಾಹೀ ನದಿಯನ್ನು ಹಡಗುಗಳಲ್ಲಿ ಏರಿತು. ನೀರಿನಲ್ಲಿ ಸಿಡಿಗುಂಡುಗಳನ್ನು ಎಲ್ಲೆಲ್ಲಿ ಇಟ್ಟಿದ್ದಾರೆಂಬ ಮಾಹಿತಿಯನ್ನು ಅಲ್ಲಿನ ಗುಲಾಮರಿಂದಲೇ ಕಲೆಹಾಕಿದ್ದು ಟಬ್‌ಮನ್ ಮತ್ತು ಅವರ ಬೇಹಿನವರು. ಬೆಳಗಾಗುವಷ್ಟರಲ್ಲಿ ಭತ್ತದ ಗದ್ದೆಗಳಿಂದ ಜನ ದಡಕ್ಕೆ ಓಡಿ ಬಂದರು. ಒಬ್ಬಾಕೆ ಒಲೆಯಿಂದ ಇಳಿಸಿದ ಅನ್ನದ ಪಾತ್ರೆಯನ್ನು ಹೊಗೆಯಾಡುತ್ತಿದ್ದಂತೆಯೇ ತಲೆ ಮೇಲೆ ಹೊತ್ತು ಬಂದಿದ್ದಳು, ಬೆನ್ನಿಗೆ ಜೋತುಬಿದ್ದ ಮಗು ಅದಕ್ಕೇ ಕೈ ಹಾಕಿ ತಿನ್ನುತ್ತಿತ್ತು ಎಂದು ಟಬ್‌ಮನ್ ಮುಂದೆ ನೆನಪಿಸಿಕೊಂಡಿದ್ದಾರೆ. ಅಂದು ಬಿಡುಗಡೆಯಾದವರು 700ಕ್ಕೂ ಹೆಚ್ಚು. ಈ ಸೇವೆಗೆ ಸರ್ಕಾರ ದಶಕಗಳ ಕಾಲ ಪಿಂಚಣಿ ಕೊಡಲಿಲ್ಲ. 1895ರಲ್ಲಿ ಸಿಕ್ಕ ತಿಂಗಳಿಗೆ 8 ಡಾಲರ್ ಕೂಡ ಸೈನಿಕನ ವಿಧವೆ ಎಂಬ ಲೆಕ್ಕದಲ್ಲಿ. 1899ರಲ್ಲಿ ಅದು 20 ಆಯಿತು, ಅದೂ ದಾದಿಯಾಗಿ ದುಡಿದದ್ದಕ್ಕೆಂದು. ಬೇಹುಗಾರಿಕೆಗೆ ಪಿಂಚಣಿ ಬರಲೇ ಇಲ್ಲ.

ಕೊನೆಗೆ ಆ ಮಾತು. 'ಸಾವಿರ ಗುಲಾಮರನ್ನು ಬಿಡಿಸಿದೆ, ತಾವು ಗುಲಾಮರೆಂದು ಅವರಿಗೆ ತಿಳಿದಿದ್ದರೆ ಇನ್ನೂ ಸಾವಿರ ಜನರನ್ನು ಬಿಡಿಸುತ್ತಿದ್ದೆ' ಎಂದು ಟಬ್‌ಮನ್ ಎಲ್ಲೂ ಹೇಳಿಲ್ಲ. ಅವರ ಕಾಲದ ಯಾವ ದಾಖಲೆಯಲ್ಲೂ ಅದಿಲ್ಲ. ಸುಳ್ಳು ಎಂಬುದಕ್ಕಿಂತ ಹೆಚ್ಚಾಗಿ ಅದು ಅನ್ಯಾಯ. ತಮ್ಮ ಸ್ಥಿತಿ ಏನೆಂದು ಬೆನ್ನ ಮೇಲೆ ಬಾಸುಂಡೆ ಹೊತ್ತವರಿಗೆ ಯಾರೂ ತಿಳಿಸಬೇಕಿರಲಿಲ್ಲ. ತಂಗಿ ರೇಚೆಲ್‌ಳನ್ನು ಕರೆತರಲು ಟಬ್‌ಮನ್ ವರ್ಷಗಟ್ಟಲೆ ಯತ್ನಿಸಿದರು. ಬೇರೆ ಕಡೆ ಇರಿಸಿದ್ದ ಇಬ್ಬರು ಮಕ್ಕಳನ್ನು ಬಿಟ್ಟು ಬರಲು ಆಕೆ ಒಪ್ಪಲಿಲ್ಲ. 1860ರ ಕೊನೆಯಲ್ಲಿ ಟಬ್‌ಮನ್ ಮತ್ತೆ ಬಂದಾಗ ರೇಚೆಲ್ ತೀರಿಕೊಂಡಿದ್ದಳು. ಮಕ್ಕಳನ್ನಾದರೂ ಹೊರಗೆ ತರಲು ಲಂಚವಾಗಿ ಬೇಕಿದ್ದದ್ದು 30 ಡಾಲರ್. ಅದು ಅವರ ಬಳಿ ಇರಲಿಲ್ಲ. ಆ ಸಲ ಬೇರೊಂದು ಕುಟುಂಬವನ್ನು ಕರೆದುಕೊಂಡು ಉತ್ತರಕ್ಕೆ ಹೊರಟರು. ಅದೇ ಕೊನೆಯ ಪಯಣ.

ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

ಇತಿಹಾಸ ಅಧ್ಯಾಪಕರು