ಪ್ರಾರ್ಥನೆ ಬರುತ್ತಿಲ್ಲ ಎಂದು ಬರೆದವಳಿಗೆ

ಬೆಂಗಳೂರು,
ಗುರುವಾರ ಸಂಜೆ

ಪ್ರೀತಿಯ ಮಗಳೇ,

ಕರ್ತನ ಕೃಪೆ ನಿನ್ನೊಂದಿಗಿರಲಿ. ಮನೆಯ ಸಮಾಚಾರವನ್ನು ನಿನ್ನ ತಮ್ಮ ಫೋನಿನಲ್ಲಿ ತಿಳಿಸುತ್ತಲೇ ಇರುತ್ತಾನೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಮೂರನೆಯ ಪುಟದಲ್ಲಿ, ಪುಸ್ತಕಗಳ ಬೆಲೆಯ ಮಾತಿಗೂ ಪರೀಕ್ಷೆಯ ದಿನಾಂಕಕ್ಕೂ ನಡುವೆ, ನೀನು ಬರೆದು ಹಾಗೆಯೇ ಮುಂದೆ ಹೋಗಿಬಿಟ್ಟಿರುವ ನಾಲ್ಕು ಸಾಲುಗಳಿವೆಯಲ್ಲ, ನೇರವಾಗಿ ಅವಕ್ಕೇ ಬರುತ್ತೇನೆ. "ಮೂರು ತಿಂಗಳಿಂದ ನನಗೆ ಪ್ರಾರ್ಥನೆ ಬರುತ್ತಿಲ್ಲ ದೊಡ್ಡಪ್ಪ. ಮೊಣಕಾಲೂರಿದರೆ ಗಂಟಲು ಒಣಗುತ್ತದೆ. ದೇವರ ವಿಷಯವಾಗಿ ಪುಟಗಟ್ಟಲೆ ಬರೆಯಬಲ್ಲೆ, ದೇವರೊಡನೆ ಒಂದು ಮಾತೂ ಆಡಲಾರೆ. ಇಪ್ಪತ್ತರಲ್ಲಿ ನಂಬಿಕೆ ಕಳೆದುಕೊಂಡವರಿಗೆ ಮತ್ತೆ ಹುಡುಕಿಕೊಳ್ಳುವಷ್ಟು ಆಯುಷ್ಯವಿರುತ್ತದೆ, 51ರಲ್ಲಿ ಕಳೆದುಕೊಂಡರೆ?"

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು, ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರು ಎಂದು ಒಂದು ಪುಟ ಬರೆದೆ. ಬರೆದದ್ದನ್ನು ಓದಿಕೊಂಡಾಗ, ಸಾವಿನ ಮನೆಗೆ ಹೋಗಿ ಬಾಯುಪಚಾರದ ಮಾತಾಡಿ ಬಂದವನ ಹಾಗೆ ಕಂಡಿತು. ಹರಿದುಹಾಕಿದೆ. ಈಗ ಬರೆಯುತ್ತಿರುವುದು ಎರಡನೆಯ ಪತ್ರ. ಕಣ್ಣಿನ ಪೊರೆಯ ದೆಸೆಯಿಂದ ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬರೆದಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿಕೋ.

ನಾನು ನಿವೃತ್ತನಾದ ಮೇಲೆ, 58ನೆಯ ವಯಸ್ಸಿನಲ್ಲಿ, ಸೆರಾಂಪುರ ಕಾಲೇಜಿನ ಸೆನೆಟ್ ಹೊರಗಿನ ವಿದ್ಯಾರ್ಥಿಗಳಿಗೆ ನಡೆಸುವ ಕ್ರೈಸ್ತ ಅಧ್ಯಯನದ ಬಿ.ಸಿ.ಎಸ್. ಪದವಿಗೆ ಸೇರಿದ್ದು ನಿನಗೆ ತಿಳಿದೇ ಇದೆ. ಈಗ ನೀನು ಓದುತ್ತಿರುವುದೂ ಅದನ್ನೇ. ನಿನಗೆ ತಿಳಿಯದಿರುವುದೇನೆಂದರೆ, ಎರಡನೆಯ ವರ್ಷದಲ್ಲಿ ನನಗೂ ಪ್ರಾರ್ಥನೆ ನಿಂತುಹೋಗಿತ್ತು. ಈ ಮಾತನ್ನು ನಿನ್ನ ದೊಡ್ಡಮ್ಮನಿಗೂ ನಾನು ಹೇಳಲಿಲ್ಲ. ದಂಡು ರೈಲು ನಿಲ್ದಾಣದ ಬಳಿ ಬಸ್ಸಿಳಿದು, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಗ್ರಂಥಾಲಯಕ್ಕೆ ನಡೆದುಹೋಗುವಾಗ ಇದ್ದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. 1910ರಿಂದ ಎಷ್ಟೋ ತಲೆಮಾರಿನ ಅಯ್ಯನವರುಗಳು ಓದಿದ ಆ ಜಾಗದಲ್ಲಿ, ಮೊಮ್ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಕುಳಿತು ಗ್ರೀಕ್ ಅಕ್ಷರ ತಿದ್ದುವುದು ಎರಡನೆಯ ಬಾಲ್ಯದಂತಿತ್ತು. ಆದರೆ ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿದರೆ ಬರುತ್ತಿದ್ದುದು ಅಡಿಟಿಪ್ಪಣಿಗಳು. "ನಮ್ಮ ತಂದೆಯೇ" ಎಂದು ಆರಂಭಿಸುವುದರೊಳಗೆ, ಮತ್ತಾಯನಲ್ಲಿ ಈ ಪ್ರಾರ್ಥನೆ ಉದ್ದವಾಗಿದೆ, ಲೂಕನಲ್ಲಿ ಚಿಕ್ಕದಾಗಿದೆ, ಯಾವುದು ಮೊದಲಿನದು ಎಂಬ ಲೆಕ್ಕ ಶುರುವಾಗುತ್ತಿತ್ತು.

ಇಲ್ಲಿ ನಿನಗೂ ನನಗೂ ಇರುವ ವ್ಯತ್ಯಾಸವನ್ನು ಹೇಳಲೇಬೇಕು. ನೀನು ಅದನ್ನು ಬರೆದು ತಿಳಿಸಿದೆ. ನಾನು ಮುಚ್ಚಿಟ್ಟೆ. ಮನೆಕೂಟಗಳಲ್ಲಿ "ಅಣ್ಣನವರು ಪ್ರಾರ್ಥಿಸಲಿ" ಎಂದಾಗ, ಚಿಕ್ಕಂದಿನಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಮಾತುಗಳನ್ನು ಜೋಡಿಸಿ, ಸ್ವರ ಏರಿಸಿ ಇಳಿಸಿ, ಸಭೆಯವರಿಂದ ಆಮೆನ್ ಹೇಳಿಸಿದೆ. ಸುಮಾರು ಎರಡು ವರ್ಷ ಹೀಗೆ ನಡೆಯಿತು. ಪ್ರಾರ್ಥನೆ ನಿಂತದ್ದಕ್ಕಿಂತ ನಿಲ್ಲದವನಂತೆ ನಟಿಸಿದ್ದೇ ನನ್ನನ್ನು ಹೆಚ್ಚು ಕೆಡಿಸಿತು ಎಂದು ಈಗ ತಿಳಿಯುತ್ತದೆ. ಆದ್ದರಿಂದ, ನಿನಗೆ ತಪ್ಪೆನಿಸದಿದ್ದರೆ, ನಿನ್ನ ಕಾಲೇಜಿನಲ್ಲಿ ನೀನು ನಂಬುವ ಒಬ್ಬ ಅಧ್ಯಾಪಕರಿಗಾದರೂ ಆ ನಾಲ್ಕು ಸಾಲುಗಳನ್ನು ಹೇಳು. ಅವರಿಗೂ ಇದು ಹೊಸದಾಗಿರಲಾರದು.

ಇನ್ನು, ನಾನು ಯಾರಿಗೂ ಹೇಳದ ಒಂದು ಸಂಜೆಯ ವಿಷಯ. ನನ್ನ ಅಮ್ಮನ ಕೊನೆಯ ತಿಂಗಳುಗಳನ್ನು ನೀನೇ ಕಣ್ಣಾರೆ ಕಂಡಿದ್ದೀಯ, ಅದನ್ನು ವಿವರಿಸುವುದಿಲ್ಲ. ಅವಳಿಗೆ ಆಗ 82, ಕಣ್ಣು ಪೂರ್ತಿ ಮಂಜಾಗಿತ್ತು. ಪ್ರತಿ ಸಂಜೆ ದೀಪ ಹಾಕಿದ ಮೇಲೆ ನಾನು ಸತ್ಯವೇದ ಓದಬೇಕು, ಅವಳು ಗೋಡೆಗೊರಗಿ ಕೇಳಬೇಕು. ಗುಬ್ಬಿಯ ಮಿಷನ್ ಶಾಲೆಯಲ್ಲಿ ಕಲಿತ ಓದು ಅವಳದು. ನಾನು ಒಂದು ಪದ ತಪ್ಪಿದರೂ ಅವಳ ತುಟಿ ತಿದ್ದುತ್ತಿತ್ತು. ಆ ಸಂಜೆ "ಆ ಹೆಂಗಸಿನ ಕಥೆ ಓದು" ಎಂದಳು. ಯೋಹಾನನ ಎಂಟನೆಯ ಅಧ್ಯಾಯ. ವ್ಯಭಿಚಾರದಲ್ಲಿ ಹಿಡಿದುತಂದವಳನ್ನು ನಡುವೆ ನಿಲ್ಲಿಸಿ ಕಲ್ಲೆಸೆಯಬೇಕೇ ಎಂದು ಕೇಳಿದವರ ಮುಂದೆ, ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಬರೆಯುವ ಭಾಗ. ಅಮ್ಮನಿಗೆ ಆ ಕಥೆ ಯಾಕೆ ಬೇಕಾಗುತ್ತಿತ್ತು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು; ಗುಬ್ಬಿಯ ಚಿಕ್ಕಮ್ಮನ ಮಾತನ್ನು ಇಲ್ಲಿ ಎತ್ತುವುದಿಲ್ಲ.

ಅದೇ ವಾರ ನಾನು ಸತ್ಯವೇದದ ಹಳೆಯ ಹಸ್ತಪ್ರತಿಗಳ ಪಾಠ ಮುಗಿಸಿದ್ದೆ. ಓದುವುದನ್ನು ಬಿಟ್ಟು, ಬೆರಳನ್ನು ಪುಟದ ಮೇಲಿಟ್ಟುಕೊಂಡು, ಅಮ್ಮನಿಗೆ ಪಾಠ ಹೇಳತೊಡಗಿದೆ. ನಾಲ್ಕನೆಯ ಶತಮಾನದ ಸೀನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಈ ಹನ್ನೆರಡು ವಚನಗಳಿಲ್ಲ, ಅವಕ್ಕಿಂತ ಹಳೆಯ ಪಪೈರಸ್ ಪ್ರತಿಗಳಲ್ಲೂ ಇಲ್ಲ, ಕೆಲವು ಪ್ರತಿಗಳಲ್ಲಿ ಇದು ಲೂಕನ ಸುವಾರ್ತೆಯಲ್ಲಿ ಸಿಗುತ್ತದೆ, ಆದ್ದರಿಂದ ಇದನ್ನು ಯೋಹಾನನು ಬರೆದನೆಂದು ಹೇಳಲಾಗದು ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮ ವಾದಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಹೆಂಗಸಿನ ಗತಿ ಏನಪ್ಪಾ?" ಎಂದು ಕೇಳಿದಳು.

ನಾನು ಅದಕ್ಕೂ ಹಸ್ತಪ್ರತಿಯ ಉತ್ತರವನ್ನೇ ಕೊಟ್ಟೆ. ಆಮೇಲೆ ಅವಳು ಆ ಅಧ್ಯಾಯವನ್ನು ಓದಲು ಹೇಳಲೇ ಇಲ್ಲ. ನಾಲ್ಕು ತಿಂಗಳಿಗೆ ತೀರಿಕೊಂಡಳು.

ನೀನು ಓದನ್ನು ದೂರುತ್ತಿದ್ದೀಯ, ಮಗಳೇ. ಓದು ನಿನ್ನ ನಂಬಿಕೆಯನ್ನು ತಿನ್ನುತ್ತಿದೆ ಎಂಬುದೇ ನಿನ್ನ ಭಯ. ನಾನೂ ಬಹಳ ಕಾಲ ಹಾಗೆಯೇ ದೂರಿದೆ, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದ್ದೂ ಉಂಟು. ಆದರೆ ಆ ಸಂಜೆ ಅಮ್ಮನ ಬಾಯಿ ಮುಚ್ಚಿಸಿದ್ದು ಸೀನಾಯ್ ಹಸ್ತಪ್ರತಿಯಲ್ಲ, ಕಲಿತದ್ದನ್ನು ತೋರಿಸಿಕೊಳ್ಳುವ ನನ್ನ ಆತುರ. ಅದೇ ಪಾಠವನ್ನು ಇನ್ನೊಂದು ಪುಟ ಮುಂದೆ ಓದಿದ್ದರೆ ಅವಳ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು. ಹೆಂಗಸರಿಗೆ ಸಲುಗೆ ಕೊಟ್ಟಂತಾಗುತ್ತದೆಂದು ಹೆದರಿದ ಕೆಲವರು ಈ ಭಾಗವನ್ನು ತಮ್ಮ ಪ್ರತಿಗಳಿಂದ ತೆಗೆದುಹಾಕಿದರು ಎಂದು ಬಿಷಪ್ ಅಗಸ್ಟೀನನು ಐದನೆಯ ಶತಮಾನದ ಆರಂಭದಲ್ಲಿಯೇ ಅನುಮಾನಪಟ್ಟಿದ್ದ. ಇಂದಿನ ಹೆಚ್ಚಿನ ಪಂಡಿತರು ಅದನ್ನು ಒಪ್ಪುವುದಿಲ್ಲ. ಆದರೂ ಮೂರನೆಯ ಶತಮಾನದ ಸಿರಿಯಾದ ಸಭೆಯವರಿಗೆ ಇಂಥದೇ ಒಂದು ಕಥೆ ತಿಳಿದಿತ್ತು. ಯಾವ ಪುಟದಲ್ಲಿ ಇಡಬೇಕೆಂದು ಗೊತ್ತಾಗದಿದ್ದರೂ, ಆ ಹೆಂಗಸನ್ನು ಸಭೆಯವರು ಹೊರಗೆ ಬಿಡಲಿಲ್ಲ. ನಮ್ಮ ಕನ್ನಡ ಸತ್ಯವೇದದಲ್ಲಿಯೂ ಅವಳಿದ್ದಾಳೆ. ಇಷ್ಟನ್ನು ಅಮ್ಮನಿಗೆ ಹೇಳಬಹುದಾಗಿತ್ತು. ನಾನು ಅದನ್ನು ಓದುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಒಂದು ವರ್ಷವಾಗಿತ್ತು.

ಈ ಕಾರಣಕ್ಕೆ ನಿನ್ನಲ್ಲಿ ಒಂದು ಬೇಡಿಕೆ. ಆ ವಾರ ಕಲಿತದ್ದನ್ನು ಆ ಭಾನುವಾರವೇ ಸಂಡೇ ಸ್ಕೂಲಿನ ಮಕ್ಕಳ ಮುಂದೆಯೋ, ನಿನ್ನ ಅತ್ತೆಯವರ ಮುಂದೆಯೋ ಇಡಬೇಡ; ಸ್ವಲ್ಪ ಕಾಲ ನಿನ್ನೊಳಗೇ ಇರಲಿ. ಇದು ಅಪ್ಪಣೆಯಲ್ಲ, ಸುಟ್ಟುಕೊಂಡವನ ಮಾತು.

ದೇವರ ವಿಷಯವಾಗಿ ಮಾತಾಡಬಲ್ಲೆ, ದೇವರೊಡನೆ ಆಡಲಾರೆ ಎಂದಿದ್ದೀಯಲ್ಲ, ಅದು ನನ್ನನ್ನು ಬಿಡದೆ ಕಾಡುತ್ತಿದೆ. ಯೋಬನ ಗ್ರಂಥದ ಕೊನೆಗೆ ಬಾ. ದೇವರು, ಕಷ್ಟದಲ್ಲಿದ್ದ ಯೋಬನಿಗೆ ಸಮಾಧಾನ ಹೇಳಲು ಬಂದ ಆ ಮೂವರು ಸ್ನೇಹಿತರ ಮೇಲೆ ಕೋಪಿಸಿಕೊಂಡು, ನನ್ನ ದಾಸನಾದ ಯೋಬನಂತೆ ನೀವು ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ನಮ್ಮ ಅನುವಾದಗಳಲ್ಲಿ "ನನ್ನ ವಿಷಯವಾಗಿ" ಎಂದಿರುವಲ್ಲಿ ಹೀಬ್ರೂ ಮೂಲದಲ್ಲಿರುವ ಚಿಕ್ಕ ಪದವನ್ನು "ನನ್ನೊಡನೆ" ಎಂದೂ ಓದಬಹುದು. ಸ್ನೇಹಿತರು ಅಷ್ಟು ಅಧ್ಯಾಯಗಳ ಉದ್ದಕ್ಕೂ ದೇವರ ವಿಷಯವಾಗಿ ಮಾತಾಡಿದರು, ಒಮ್ಮೆಯೂ ದೇವರೊಡನೆ ಆಡಲಿಲ್ಲ. ಯೋಬನು ತಾನು ಹುಟ್ಟಿದ ದಿನವನ್ನು ಶಪಿಸಿದ, ಜಗಳವಾಡಿದ, ಆದರೆ ದೇವರ ಕಡೆಗೆ ತಿರುಗಿಯೇ ಆಡಿದ. ಹಾಗೆಯೇ, ದೇವರಿದ್ದಾನೆಂಬುದಕ್ಕೆ ಮಧ್ಯಯುಗದ ಪಂಡಿತ ಅನ್ಸೆಲ್ಮನು ಕೊಟ್ಟ ತರ್ಕವನ್ನು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಹನ್ನೊಂದನೆಯ ಶತಮಾನದ ಆ ಪುಸ್ತಕದಲ್ಲಿ ಅವನು ದೇವರನ್ನೇ "ನೀನು" ಎಂದು ಕರೆದು ಆ ತರ್ಕವನ್ನು ನಡೆಸುತ್ತಾನೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ನಿನ್ನ ಟಿಪ್ಪಣಿ ಪುಸ್ತಕದಲ್ಲಿ "ದೇವರು" ಎಂದು ಬರೆಯುವ ಕಡೆ, ವಾರಕ್ಕೊಂದು ಸಲವಾದರೂ, ಒಂದು ವಾಕ್ಯವನ್ನು "ನೀನು" ಎಂದು ತಿರುಗಿಸಿ ಬರೆದು ನೋಡಬಹುದೇನೋ. ಇದನ್ನು ನಾನು ತೀರ ತಡವಾಗಿ ಕಂಡುಕೊಂಡೆ. ನಿನಗೆ ಹಿಡಿಸದಿದ್ದರೆ ಬಿಡು.

ಗಂಟಲು ಒಣಗುತ್ತದೆ ಎಂದೆ. ನಲವತ್ತೆರಡನೆಯ ಕೀರ್ತನೆಯಲ್ಲಿ, ಬಾಯಾರಿದ ಜಿಂಕೆ ನೀರಿನ ತೊರೆಯನ್ನು ಹಂಬಲಿಸುವಂತೆ ದೇವರಿಗಾಗಿ ಹಂಬಲಿಸುವುದು ಯಾವುದು? ನಮ್ಮ ಅನುವಾದಗಳಲ್ಲಿ ಮನಸ್ಸು, ಪ್ರಾಣ, ಆತ್ಮ ಎಂದು ಒಂದೊಂದು ಕಡೆ ಒಂದೊಂದು ರೀತಿಯಾಗಿ ಬರುವ ಆ ಪದ ಹೀಬ್ರೂವಿನಲ್ಲಿ ನೆಫೆಶ್. ಅದಕ್ಕೆ ಗಂಟಲು ಎಂಬ ಅರ್ಥವೂ ಉಂಟು. ಗಂಟಲೊಣಗಿದವನು ಬರೆದದ್ದು ಆ ಕೀರ್ತನೆ. ಇದನ್ನು ನನಗೆ ಕಲಿಸಿದ್ದು ನೀನು ಈಗ ಹೆದರುತ್ತಿರುವ ಇದೇ ಓದು. ಎಂಬತ್ತೆಂಟನೆಯ ಕೀರ್ತನೆಯಂತೂ ಕತ್ತಲೆ ಎಂಬ ಪದದಲ್ಲಿಯೇ ಮುಗಿಯುತ್ತದೆ. ಅದರ ಕೊನೆಗೆ ಸ್ತೋತ್ರದ ಒಂದು ಸಾಲನ್ನು ಸೇರಿಸಿ ಸರಿಮಾಡುವ ಧೈರ್ಯ ಯಾರೂ ಮಾಡಲಿಲ್ಲ. ಬೆಳಿಗ್ಗೆ ಪಾಠದ ಪುಸ್ತಕ ತೆರೆಯುವ ಮುಂಚೆ ಒಂದು ಕೀರ್ತನೆಯನ್ನು ಗಟ್ಟಿಯಾಗಿ, ಕನ್ನಡದಲ್ಲಿಯೇ ಓದು. ಅರ್ಥ ಹುಡುಕಬೇಡ, ಗುರುತು ಹಾಕಬೇಡ. ನಿನ್ನ ಮಾತು ಬಾರದಿದ್ದಾಗ ಬೇರೆಯವರ ಮಾತನ್ನು ಬಾಯಲ್ಲಿಟ್ಟುಕೊಳ್ಳುವುದು ನಟನೆಯೇ ಎಂದು ನೀನು ಕೇಳಬಹುದು, ಯಾಕೆಂದರೆ ಮನೆಕೂಟದಲ್ಲಿ ನಾನು ಮಾಡಿದ್ದೂ ಅದನ್ನೇ. ನಾನು ಜನರಿಗೆ ಕೇಳಲಿ ಎಂದು ಮಾಡಿದೆ, ನೀನು ಬಾಗಿಲು ಹಾಕಿಕೊಂಡು ಮಾಡು. ಸಭೆಯಲ್ಲಿ ಹಾಡುವ ಕ್ವಾಯರ್ ಬಿಟ್ಟಿದ್ದೀಯೆಂದು ನಿನ್ನ ತಮ್ಮ ಹೇಳಿದ, ಸಾಧ್ಯವಾದರೆ ಬಿಡಬೇಡ.

51ರಲ್ಲಿ ಕಳೆದುಕೊಂಡರೆ ಎಂಬ ಪ್ರಶ್ನೆಗೆ ಮತ್ತೆ ಬರುತ್ತೇನೆ, ಬಾರದೆ ಇರಲಾಗುತ್ತಿಲ್ಲ. ನನ್ನ ಮೊದಲಿನ ಪ್ರಾರ್ಥನೆ, ಆ ನಿರರ್ಗಳವಾದದ್ದು, ಮರಳಿ ಬರಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅಮ್ಮ ಹೋಗಿ ಒಂದೆರಡು ವಾರವಾಗಿತ್ತು. ಅವಳು ಮಾತ್ರೆ ನುಂಗಲು ಇಟ್ಟುಕೊಳ್ಳುತ್ತಿದ್ದ ಹಿತ್ತಾಳೆ ಲೋಟವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಲೋಟದ ಅಂಚಿನಲ್ಲಿ ಅವಳ ಹಲ್ಲು ತಾಗಿ ತಾಗಿ ಒಂದು ಕಡೆ ಸವೆದಿತ್ತು. ಅಲ್ಲಿಗೆ ಬೆರಳು ಹೋದಾಗ ಬಾಯಿಂದ ತಾನಾಗಿ ಬಂದ ಮಾತು, "ಕರ್ತನೇ, ಆ ಹೆಂಗಸಿನ ಗತಿ ಏನು?" ಎಂಬುದು. ಎರಡು ವರ್ಷದ ಮೇಲೆ ನಾನು ದೇವರೊಡನೆ ಆಡಿದ ಮೊದಲ ಮಾತು ಅದು, ಅದೂ ಅಮ್ಮನ ಮಾತು. ಅವತ್ತಿನಿಂದ ನನ್ನ ಪ್ರಾರ್ಥನೆಗಳು ಅಷ್ಟೇ ಉದ್ದ. ಈಗ 79ರ ವಯಸ್ಸಿನಲ್ಲಿಯೂ ಅಷ್ಟೇ ಉದ್ದ. ಆಯುಷ್ಯ ಸಾಕಾಗುತ್ತದೆಯೇ ಎಂಬ ಲೆಕ್ಕವನ್ನು ನನ್ನಿಂದ ಮಾಡಲಾಗಲಿಲ್ಲ, ನಿನಗೂ ಮಾಡಿಕೊಡಲಾರೆ.

ಕಾಲೇಜು ಬಿಡುವ ವಿಚಾರವನ್ನು ಪರೀಕ್ಷೆ ಮುಗಿಯುವವರೆಗಾದರೂ ಮುಂದಕ್ಕೆ ಹಾಕು. ರಾತ್ರಿ ಹನ್ನೊಂದರ ಮೇಲೆ ಓದಬೇಡ, ಸಣ್ಣ ಅಕ್ಷರ ಕಣ್ಣಿಗೆ ಒಳ್ಳೆಯದಲ್ಲ.

ಬರುವ ಭಾನುವಾರ ಹಡ್ಸನ್ ದೇವಾಲಯದಲ್ಲಿ ಕನ್ನಡ ಆರಾಧನೆ ಮುಗಿದ ಮೇಲೆ ನೇರವಾಗಿ ನಮ್ಮ ಮನೆಗೆ ಬಾ. ಅಮ್ಮನ ಸತ್ಯವೇದ ನನ್ನ ಮೇಜಿನ ಮೇಲೆಯೇ ಇದೆ, ಅದರ ಅಕ್ಷರ ಈಗ ನನಗೆ ಕಾಣಿಸುವುದಿಲ್ಲ. ಯೋಹಾನನ ಎಂಟನೆಯ ಅಧ್ಯಾಯವನ್ನು ಮೊದಲಿನಿಂದ ಹನ್ನೊಂದನೆಯ ವಚನದವರೆಗೆ ನನಗೆ ಓದಿ ಹೇಳು. ಪ್ರಾರ್ಥನೆಯನ್ನು ನಾನು ಮಾಡುತ್ತೇನೆ, ನೀನು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕು. ಊಟ ಇಲ್ಲಿಯೇ.

ನಿನ್ನ ಪ್ರೀತಿಯ
ದೊಡ್ಡಪ್ಪ