ಮಕ್ಕಳ ಕೆಲಸ ಫೋನಿನಲ್ಲಿ ಮಾತ್ರ ಇರುವುದು ಬೇಡ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಮನೆಯ ಹಿರಿಯರ ಹಾಡು, ಕಥೆ ರೆಕಾರ್ಡ್ ಮಾಡಿಕೊಂಡು ಬನ್ನಿ ಎಂದು ಜೂನ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳಿದ್ದೆವು. ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ಒಂಬತ್ತು ಸೋಬಾನೆ ಪದ ಹಾಡಿಸಿದಳು. ಅಮ್ಮನ ಫೋನಿನಲ್ಲೇ ವಿಡಿಯೊ ಮಾಡಿದ್ದಳು. ಆಗಸ್ಟ್‌ನಲ್ಲಿ ಆ ಫೋನ್ ತುಂಬಿಹೋಯಿತು. ಹೇಗೂ ಎಲ್ಲಾ ಕ್ಲೌಡ್‌ನಲ್ಲಿ (ಇಂಟರ್ನೆಟ್ ಮೂಲಕ ಸಿಗುವ ದೂರದ ಕಂಪ್ಯೂಟರಿನಲ್ಲಿ) ಇದೆಯಲ್ಲ ಎಂದುಕೊಂಡು ಅವಳ ಅಣ್ಣ ವಿಡಿಯೊಗಳನ್ನು ಅಳಿಸಿದ. ನವೆಂಬರ್‌ನಲ್ಲಿ ಹುಡುಕಿದರೆ ಎಲ್ಲೂ ಇಲ್ಲ. ಅಜ್ಜಿ ಪಾಪ ಮತ್ತೆ ಕೂತು ಹಾಡಿದರು. ಏಳು ಪದ ನೆನಪಾದವು, ಎರಡು ನೆನಪಾಗಲಿಲ್ಲ.

ಆ ಹುಡುಗನನ್ನು ಯಾರೂ ಬೈಯಬಾರದು. ಜೂನ್‌ನಲ್ಲೇ ಶಾಲೆಯಲ್ಲಿ ಒಂದು ನಕಲು ಇಟ್ಟುಕೊಳ್ಳಬೇಕಿತ್ತು. ನಾವು ಇಟ್ಟುಕೊಳ್ಳಲಿಲ್ಲ. ಅದಕ್ಕೇ ಈ ಪತ್ರ.

ಫೋನಿನಲ್ಲಿರುವುದು ತಾನಾಗಿಯೇ ಕ್ಲೌಡ್‌ಗೆ ಹೋಗಿ ಕೂರುವುದಕ್ಕೆ ಸಿಂಕ್ ಎನ್ನುತ್ತಾರೆ. ಅದು ಕನ್ನಡಿ ಇದ್ದ ಹಾಗೆ. ಮುಂದಿದ್ದ ವಸ್ತು ತೆಗೆದರೆ ಕನ್ನಡಿಯಲ್ಲೂ ಇರುವುದಿಲ್ಲ, ಅಲ್ವಾ? ಗೂಗಲ್ ಫೋಟೋಸ್‌ನಲ್ಲಿ ಒಂದು ಚಿತ್ರ ಅಳಿಸಿದರೆ ಫೋನಿನಲ್ಲೂ ಹೋಗುತ್ತದೆ, ಕ್ಲೌಡ್‌ನಲ್ಲೂ ಹೋಗುತ್ತದೆ. ಕ್ಲೌಡ್‌ಗೆ ಹೋಗಿದ್ದ ಚಿತ್ರ 60 ದಿನ ಟ್ರ್ಯಾಶ್‌ನಲ್ಲಿ, ಅಂದರೆ ಅಳಿಸಿದ್ದು ಬೀಳುವ ಬುಟ್ಟಿಯಲ್ಲಿ, ಇರುತ್ತದೆ. ಗೂಗಲ್ ಡ್ರೈವ್‌ನ ಫೈಲ್‌ಗೆ 30 ದಿನ. ಆಮೇಲೆ ಸಿಗುವುದಿಲ್ಲ. ಫೋನಿನಲ್ಲಿ ಜಾಗ ಮಾತ್ರ ಬೇಕಿದ್ದರೆ ಅದೇ ಆ್ಯಪ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿ. ಅದು ಕ್ಲೌಡ್‌ಗೆ ಹೋಗಿರುವುದನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ.

ಬ್ಯಾಕಪ್, ಅಂದರೆ ಪ್ರತ್ಯೇಕವಾಗಿ ಎತ್ತಿಟ್ಟ ನಕಲು, ಬೇರೆ. ನಮ್ಮಲ್ಲಿ ಊಟದ ರಾಗಿಯ ಜೊತೆ ಬಿತ್ತನೆ ಬೀಜ ಇಡುವುದಿಲ್ಲ. ಬೇರೆ ಕಟ್ಟಿ, ಕೈಗೆ ಸುಲಭವಾಗಿ ಸಿಗದ ಕಡೆ ಇಡುತ್ತೇವೆ. ಇದೂ ಹಾಗೇ. ಒಂದು ನಕಲು ಫೋನಿನಲ್ಲಿ, ಒಂದು ಕ್ಲೌಡ್‌ನಲ್ಲಿ, ಮೂರನೆಯದು ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಆ ಮೂರನೆಯದನ್ನು ನೆಂಟರ ಮನೆಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು.

ಇದು ಜಾಸ್ತಿ ಆಯಿತು ಅನ್ನಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಅಲ್ಲಿನ ಸರ್ಕಾರದ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ (ಇದು ಗೂಗಲ್ ಡ್ರೈವ್ ಅಲ್ಲ) ಸುಟ್ಟುಹೋಯಿತು. ಸುಮಾರು 858 ಟೆರಾಬೈಟ್ ಮಾಹಿತಿ (ಒಂದು ಟೆರಾಬೈಟ್ ಅಂದರೆ ಸುಮಾರು ಸಾವಿರ ಜಿಬಿ). ಅದಕ್ಕೆ ಬೇರೆ ಕಡೆ ಬ್ಯಾಕಪ್ ಇರಲಿಲ್ಲ. ಕ್ಲೌಡ್ ಎಂದರೂ ಅದು ಎಲ್ಲೋ ಒಂದು ಕಟ್ಟಡದಲ್ಲಿರುವ ಕಂಪ್ಯೂಟರೇ.

ಇನ್ನೊಂದು ವಿಷಯ ನನಗೆ ತುಂಬಾ ಚಿಂತೆ ಹುಟ್ಟಿಸಿದೆ. ಹೊಸ ಫೋನ್ ತಂದಾಗ ಅಂಗಡಿಯ ಹುಡುಗನೇ ಒಂದು ಇಮೇಲ್ ಖಾತೆ ಮಾಡಿಕೊಟ್ಟಿರುತ್ತಾನೆ. ಅದರ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಫೋನ್ ಕಳೆದ ದಿನ ಮಗುವಿನ ಹುಟ್ಟಿದಾಗಿನ ಫೋಟೊಗಳೂ ಅದರ ಜೊತೆಯೇ ಹೋಗುತ್ತವೆ. ದಯವಿಟ್ಟು ಈ ವಾರವೇ ಕೂತು ನೋಡಿ: ನಿಮ್ಮ ಖಾತೆ ಯಾವುದು, ಪಾಸ್‌ವರ್ಡ್ ಏನು, ಅದಕ್ಕೆ ಸೇರಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮದೇನಾ. ಪಾಸ್‌ವರ್ಡನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹಳೇ ಖಾತೆ ಇದ್ದರೆ ಆಗಾಗ ತೆರೆದು ನೋಡಿ.

ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವ ಜಾಗ 15 ಜಿಬಿ. ಮೇಲ್, ಡ್ರೈವ್, ಫೋಟೊ ಎಲ್ಲಾ ಸೇರಿ ಅಷ್ಟೇ. ಗುಡ್ ಮಾರ್ನಿಂಗ್ ವಿಡಿಯೊಗಳನ್ನು ಅಳಿಸಿದರೇ ಎಷ್ಟೋ ಜಾಗ ಸಿಗುತ್ತದೆ.

ಶಾಲೆಯಿಂದ ಎರಡು ಹಾರ್ಡ್ ಡಿಸ್ಕ್ ತಂದಿದ್ದೇವೆ. ಪ್ರತಿ ಶನಿವಾರ ಮಕ್ಕಳ ಪ್ರಾಜೆಕ್ಟ್‌ಗಳನ್ನು ಎರಡಕ್ಕೂ ಹಾಕುತ್ತೇವೆ. ಒಂದು ಆಫೀಸಿನಲ್ಲಿರುತ್ತದೆ, ಇನ್ನೊಂದು ನನ್ನ ಮನೆಯಲ್ಲಿ. ಮುಂದಿನ ಶನಿವಾರ ತರಗತಿ ಮುಗಿದ ಮೇಲೆ ಫೋನ್ ಮತ್ತು ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು ಬನ್ನಿ. ಕಂಪ್ಯೂಟರ್ ಮೇಡಂ ಮತ್ತು ಹತ್ತನೇ ತರಗತಿಯ ಮಕ್ಕಳು ನಿಮ್ಮ ಮುಂದೆಯೇ ನಕಲು ಮಾಡಿಕೊಡುತ್ತಾರೆ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ನಮಗೂ ಬೇಡ. ನೀವೇ ಒತ್ತಿ.

ಅಜ್ಜಿಗೆ ಮರೆತಿರುವ ಎರಡರಲ್ಲಿ ಒಂದು ಆರತಿ ಎತ್ತುವಾಗಿನ ಹಾಡು, ಇನ್ನೊಂದು ಹೆಣ್ಣು ಒಪ್ಪಿಸುವಾಗಿನದು. ನಿಮ್ಮ ಮನೆಯ ಹಿರಿಯರಿಗೆ ಬರುತ್ತಾ ಕೇಳಿ. ಬಂದರೆ ಅವರನ್ನೂ ಶನಿವಾರ ಕರೆದುಕೊಂಡು ಬನ್ನಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ